ಲೋಟದ ತಳದ ಒಂದು ಗುಟುಕು ಚಹಾ

ಬೆಳಗಿನ ಐದೂಕಾಲು. ಫಾವ್ ಬಂದರಿಗೆ ಹೋಗುವ ದಾರಿಯ ಸಣ್ಣ ವಿಮಾನ ನಿಲ್ದಾಣದಲ್ಲಿ ಚಾಸಿಬ್ ಲಫ್ತಾ ಇಂಧನದ ಟ್ಯಾಂಕರಿನಡಿ ಮಂಡಿಯೂರಿ, ತಳದ ನಲ್ಲಿಯಿಂದ ಗಾಜಿನ ಜಾಡಿ ತುಂಬಿಸುತ್ತಾರೆ. ಇಂಧನದಲ್ಲಿ ನೀರು ಸೇರಿದ್ದರೆ ಅದು ಕೆಳಗಿಳಿದು ನಡುವೆ ಗೆರೆ ಕಾಣಬೇಕು. ಇಂದು ಗೆರೆಯಿಲ್ಲ. ಜಾಡಿ ಪೂರ್ತಿ ತಿಳಿ. ನೂರ ನಲವತ್ತು ಜನ ಕೂತಿರುವ ವಿಮಾನ ಈ ಇಂಧನಕ್ಕಾಗಿ ಕಾಯುತ್ತಿದೆ. ಚಾಸಿಬ್ ಸಹಿ ಹಾಕುತ್ತಿಲ್ಲ.

“ಹಜ್ಜಿ, ಜಾಡೀಲಿ ಮುಖ ನೋಡ್ಕೊಂಡಿದ್ದು ಸಾಕು,” ಹಿರಿಯ ಚಾಸಿಬ್‌ರನ್ನು ಮೇಲ್ವಿಚಾರಕ ಮುಂದಿರ್ ಗದರುತ್ತಾರೆ. “ತಿಳಿಯಾಗಿದೆಯಲ್ಲ. ಇನ್ನೂ ತಡ ಮಾಡಿದ್ರೆ ನಾಳೆಯಿಂದ ಮನೇಲೇ ಕೂತ್ಕೊಳ್ಳಿ.”

“ತುಂಬಾನೇ ತಿಳಿಯಾಗಿದೆ ಉಸ್ತಾದ್. ಅದಕ್ಕೇ ಹೆದರಿಕೆ.”

ಏರಿದ ಕೂಡಲೇ ವಿಮಾನ ಶಕ್ತಿ ಕಳೆದುಕೊಂಡರೆ ಟೈ ಕಟ್ಟಿದವರು ಟೀವಿಯಲ್ಲಿ ಕೂತು ಕಾರಣ ಹುಡುಕುತ್ತಾರೆ: ಹಕ್ಕಿ ಬಡಿಯಿತೇ, ಪಂಪು ಕೆಟ್ಟಿತೇ, ಇಂಧನದಲ್ಲಿ ನೀರಿತ್ತೇ? ಆ ಕೊನೆಯ ಪ್ರಶ್ನೆಯನ್ನು ದಿನಕ್ಕೆ ಮೂವತ್ತಾರು ಜಾಡಿಗಳಲ್ಲಿ ನೋಡುವವನ ಹೆಸರು ಅವರಲ್ಲೊಬ್ಬನಿಗೂ ಬೇಡ. ನೀರು ಪತ್ತೆಹಚ್ಚುವ ಗುಳಿಗೆ ಮುಗಿದು ಎಂಟು ತಿಂಗಳು. ಕಚೇರಿಗೆ ತಣ್ಣನೆ ಗಾಳಿಯ ಹೊಸ ಯಂತ್ರ ಮಾತ್ರ ಬಂದಿದೆ. ಇಪ್ಪತ್ತೆರಡು ವರ್ಷದಲ್ಲಿ ಚಾಸಿಬ್‌ಗೆ ಸಿಕ್ಕಿದ್ದು ಸೀಳು ಬಿಟ್ಟ ಬೆರಳು, ಇಂಧನದ ವಾಸನೆಯೇ ಹತ್ತದ ಮೂಗು.

ಹನ್ನೊಂದು ವರ್ಷದ ಹಿಂದೆ ಹೀಗೇ ತಿಳಿಯಾಗಿದ್ದ ಜಾಡಿ ನೋಡಿ ಅವರು ಸಹಿ ಹಾಕಿದ್ದರು. ಏರಿದ ಒಂದು ನಿಮಿಷಕ್ಕೆ ಸರಕು ವಿಮಾನದ ಎರಡೂ ಎಂಜಿನ್ ಸದ್ದಡಗಿ, ಅದು ಉಪ್ಪಿನ ಬಯಲಿಗೆ ಬಿತ್ತು. ಪೈಲಟ್‌ಗಳಿಬ್ಬರು ಕಾಲು ಮುರಿದುಕೊಂಡು ಬದುಕಿದರು.

“ಕಡಲ ಕಡೆಯ ತೇವದ ಶರ್ಜಿ ಗಾಳಿ ಬೀಸಿದ್ರೆ ಟ್ಯಾಂಕರ್ ಒಳಗೇ ಬೆವರುತ್ತೆ. ನೀರು ತಳ ಹಿಡಿಯುತ್ತೆ,” ಎನ್ನುತ್ತಾರೆ ಚಾಸಿಬ್. “ಗೆರೆ ಎಲ್ಲಿಂದ ಬರ್ಬೇಕು? ಅವತ್ತು ಜಾಡಿ ತುಂಬಾ ಬರೀ ನೀರೇ. ನಾನು ಗೆರೆ ಹುಡುಕ್ತಾ ಕೂತಿದ್ದೆ.”

ಅಂದಿನಿಂದ ಅವರು ಬೆಳಗಿನ ಚಹಾ ಪೂರ್ತಿ ಕುಡಿದಿಲ್ಲ; ತಳದಲ್ಲಿ ಒಂದು ಗುಟುಕು ಉಳಿಸಿ ಲೋಟವನ್ನು ಟ್ಯಾಂಕರಿನ ಬಳಿಗೇ ತರುತ್ತಾರೆ. “ಚಹಾದಲ್ಲೂ ಜಿಪುಣತನ, ನಮ್ಮ ಹಜ್ಜಿಗೆ,” ಎಂದು ಚಾಲಕರು ನಗುತ್ತಾರೆ.

ಈಗ ಆ ಉಳಿದ ಚಹಾಕ್ಕೆ ಬೆರಳದ್ದಿ ಜಾಡಿಗೆ ಒಂದು ಹನಿ ಬಿಡುತ್ತಾರೆ. ಇಂಧನವಾದರೆ ಹನಿ ಮಣಿಯಂತೆ ದುಂಡಗೆ ತಳಕ್ಕಿಳಿಯಬೇಕು. ಇಳಿಯುವುದಿಲ್ಲ. ಹೊಗೆಯಂತೆ ಬಿಚ್ಚಿಕೊಂಡು ನೀರಿನಲ್ಲಿ ಕರಗುತ್ತದೆ.

ಮುಂದಿರ್ ಅವರ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ. “ಆ ಟ್ಯಾಂಕರ್ ಪಕ್ಕಕ್ಕೆ ಹಾಕ್ರೋ,” ಎನ್ನುತ್ತಾರೆ, ಮೆಲ್ಲಗೆ.

ಬೇರೆ ಟ್ಯಾಂಕರಿನ ಇಂಧನ ತುಂಬಿಸಿಕೊಂಡು ವಿಮಾನ ಒಂದು ಗಂಟೆ ತಡವಾಗಿ ಏರುತ್ತದೆ. ಒಳಗಿನವರು ತಡವಾಯಿತೆಂದು ಶಪಿಸುತ್ತಲೇ ಹೋಗಿರುತ್ತಾರೆ. ಸದ್ದು ಪೂರ್ತಿ ದೂರವಾಗುವವರೆಗೂ ಚಾಸಿಬ್ ಕೂರುವುದಿಲ್ಲ.

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಚಾಸಿಬ್ ಲೋಟ ನೋಡುತ್ತಾರೆ. “ನಿವೃತ್ತಿಯಾದ ದಿನ ಇದನ್ನ ಕೊನೇವರೆಗೂ ಕುಡೀಬೇಕು. ಸಕ್ಕರೆ ಎಲ್ಲಾ ತಳದಲ್ಲೇ ಇರುತ್ತೆ.”