ಪೇಡೆ ಹಿಡಿದು ಹೋದ ಸಂಜೆ

ಪೇಡೆಯ ಡಬ್ಬಿ ಹಿಡಿದು ಪಕ್ಕದ ಮನೆಯ ಮಾರ್ತಮ್ಮನ ಹೊಸ್ತಿಲಲ್ಲೇ ನಿಂತುಬಿಟ್ಟೆ. ಒಳಗೆ ಚರ್ಚಿನವರು ತೆಲುಗಿನಲ್ಲಿ ಹಾಡುತ್ತಿದ್ದರು. ನಡುವೆ ಕುಳಿತಿದ್ದ ಅವಳ ಗಂಡ, ಯಾರೋ ಚಾಚಿದ ಚಹಾದ ಲೋಟಕ್ಕಾಗಿ ಗಾಳಿಯಲ್ಲಿ ಕೈಯಾಡಿಸುತ್ತಿದ್ದ. 'ಸಂಜಿಗೆ ಮನ್ಯಾಗ ಕೃತಜ್ಞತಾ ಕೂಟ ಐತಿ, ಬರ್ರಿ ಅಕ್ಕಾ' ಎಂದು ಅವಳು ಕರೆದಾಗ, ಕಣ್ಣಿನ ಆಪರೇಷನ್ ಆಗಿ ಅವನಿಗೆ ದೃಷ್ಟಿ ಮರಳಿತೆಂದೇ ನಾನು ತಿಳಿದಿದ್ದೆ. ಆದೋನಿ ಪೇಟೆಗೆ ಹೋಗಿ ಸಿಹಿ ತಂದಿದ್ದೂ ಅದಕ್ಕೇ.

ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳನ್ನು ಅಡುಗೆಮನೆಗೆ ಕರೆದೆ. 'ಕಣ್ಣು ಬರಲೇ ಇಲ್ಲಲ್ಲ, ಮತ್ತ ಕೃತಜ್ಞತೆ ಯಾತಕ್ಕ?' ನನ್ನ ದನಿಯಲ್ಲಿ ಸಿಟ್ಟೇ ಇತ್ತು.

'ನನಗೂ ತಿಳಿವಲ್ದು ಅಕ್ಕಾ' ಎಂದಳು. 'ಇದರಾಗ ದೇವರು ಏನೋ ಇಟ್ಟಾನ ಅಂತ ನಂಬೀನಿ. ಅದು ಏನಂತ ತಿಳಿಯೋತನಕ ಸ್ತೋತ್ರ ಬಿಟ್ಟರ, ದಿನ ಹೆಂಗ ಕಳೀಲಿ?'

ಆಮೇಲೆ ನನ್ನ ಸೆರಗಿನಡಿಯಿಂದ ಡಬ್ಬಿ ತೆಗೆದುಕೊಂಡು, ಮೊದಲ ಪೇಡೆಯನ್ನು ಗಂಡನ ಅಂಗೈಯಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಎಂದಿನಂತೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತೆ. ಮಂಡಿನೋವು ಹೋಗಲಿ ಎಂದು ದಿನವೂ ಬೇಡುವವಳು ನಾನು. ಆ ದಿನ ಏನು ಕೇಳಬೇಕೆಂದು ತಿಳಿಯದೆ, ಪೂಜೆ ಮುಗಿದ ಮೇಲೂ ಅಂಗೈ ಇಳಿಸದೆ ಕುಳಿತೇ ಇದ್ದೆ.