ಗೋಡೆಯಾಚೆಯ ಕೀರಲು

ಲೈಪ್‌ಜಿಗ್ ಊರಂಚಿನ ನಮ್ಮ ಕಾಂಕ್ರೀಟ್ ಕಟ್ಟಡದಲ್ಲಿ ಎಕ್‌ಹಾರ್ಟ್ ಫೀಬಿಗ್‌ನಷ್ಟು ನಿಯಮಸ್ಥ ಇನ್ನೊಬ್ಬನಿರಲಿಲ್ಲ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲಿ ಅವನು ಗೋಡೆಗೆ ಒಂದು ಮೊಳೆ ಹೊಡೆದವನಲ್ಲ, ಭಾನುವಾರ ಬಟ್ಟೆ ಒಗೆಯುವ ಯಂತ್ರ ಹಚ್ಚಿದವನಲ್ಲ. ಜೀವಮಾನವೆಲ್ಲ ಟ್ರಾಮ್ ಓಡಿಸಿ ನಿವೃತ್ತನಾಗಿದ್ದ. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಈಗ ಅವನಿಗೆ ಸಂಸಾರವೆಂದರೆ ಹಳೆಯ ಗ್ರಾಮಫೋನ್ ಹಾಡಿನ ತಟ್ಟೆಗಳು.

ಹೆಚ್ಚಿನವು ಸಂತೆಯಲ್ಲಿ ಕೊಂಡವು, ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿದ್ದ ಕಾಲದವು. ಮಸಿ ಗೀರುಗಳ ತಳಕ್ಕಿಳಿದು ಕೂತಿತ್ತು. ಬ್ರಷ್ಷಿಗೆ ಅದು ಜಗ್ಗುತ್ತಿರಲಿಲ್ಲ. ತಟ್ಟೆ ತೊಳೆಯಲೆಂದೇ ಮಾಡಿದ ದೊಡ್ಡ ಯಂತ್ರಗಳು ಅವನ ಪಿಂಚಣಿಗೆ ಎಟುಕುವಂಥವಲ್ಲ. ಕೊನೆಗೆ, ಕನ್ನಡಕ ತೊಳೆಯಲು ಅಂಗಡಿಗಳಲ್ಲಿ ಇಡುವಂಥ ಅಗ್ಗದ ಚೀನೀ ತೊಟ್ಟಿಯೊಂದನ್ನು ತರಿಸಿಕೊಂಡ. ಉಕ್ಕಿನ ತೊಟ್ಟಿಯಲ್ಲಿ ಬಟ್ಟಿ ಇಳಿಸಿದ ನೀರು, ಒಂದೆರಡು ಹನಿ ಸೋಪು. ಅಡ್ಡಕಂಬಿಗೆ ಸಿಕ್ಕಿಸಿದ ತಟ್ಟೆಗಳು ಅರ್ಧ ಮುಳುಗಿ ಮೆಲ್ಲಗೆ ತಿರುಗುತ್ತವೆ. ಮನುಷ್ಯರ ಕಿವಿಗೆ ಎಟುಕದಷ್ಟು ಮೇಲಿನ ಸ್ವರವೊಂದು ನೀರನ್ನು ನಡುಗಿಸಿ, ಸಣ್ಣ ಗುಳ್ಳೆಗಳನ್ನೆಬ್ಬಿಸಿ, ಮಸಿಯನ್ನು ಕಿತ್ತು ತರುತ್ತದೆ. ಮೊದಲ ದಿನವೇ ನೀರು ಪಾತ್ರೆ ತೊಳೆದ ನೀರಿನಂತಾಯಿತು. ತಟ್ಟೆಯಲ್ಲಿ ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತೆಂದು ಮೆಟ್ಟಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿ ಹೇಳಿದ. ಮೇಲಿನ ಮನೆಯವನಾದ ನನಗೆ ಅವನ ಸಂತೋಷವೆಲ್ಲ ಹೀಗೆ ಮೆಟ್ಟಿಲಲ್ಲೇ ಸಿಗುತ್ತಿತ್ತು.

ಸದ್ದು ಮಾಡಲು ಅನುಮತಿಯಿರುವ ಹೊತ್ತಿನಲ್ಲೇ ಯಂತ್ರ ಹಚ್ಚಿ, ಅಡುಗೆಮನೆಯ ಬಾಗಿಲು ಮುಚ್ಚಿ, ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಕೂರುತ್ತಿದ್ದ.

ಆ ಅಡುಗೆಮನೆಯ ಗೋಡೆಯಾಚೆ ರೋಸ್ವಿತಾ ಕ್ಲೆಮ್ ಇದ್ದರು. ಇಗರ್ಜಿಯ ಗಾಯನ ತಂಡದಲ್ಲಿ ಕೆಳಸ್ಥಾಯಿಗೆ ಅವರೇ ಆಧಾರ. ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದರು. ಅವರ ನೀರಿನ ಬಾಟಲಿಗಳನ್ನು ಫೀಬಿಗ್ ಮೇಲಕ್ಕೆ ಹೊತ್ತು ತರುತ್ತಿದ್ದ, ಅವರು ಅವನಿಗೆ ಕೇಕು ಕೊಡುತ್ತಿದ್ದರು. ಇಷ್ಟು ವರ್ಷವಾದರೂ ಇಬ್ಬರೂ ಬಹುವಚನ ಬಿಟ್ಟಿರಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಅವರು ತಮ್ಮ ಕಿವಿಯಲ್ಲೇನೋ ಕೀರುತ್ತಿದೆ ಎಂದರು.

"ಟ್ರಾಮು ಬ್ರೇಕು ಹಾಕ್ದಂಗೆ ಆಗ್ತದೆ, ಫೀಬಿಗ್ ಅವರೇ. ನಿಮ್ಮ ಕಾಲದ್ದು."

ಇಬ್ಬರೂ ನಕ್ಕಿದ್ದರು. ಕೀರಲು ಮತ್ತೆ ಮತ್ತೆ ಬರತೊಡಗಿದಾಗ ನಗು ನಿಂತಿತು. ವೈದ್ಯರು ಪರೀಕ್ಷೆ ಮಾಡಿ, ವಯಸ್ಸಿಗೆ ಬರುವ ಕಿವಿಮೊರೆತ, ಅದರ ಜೊತೆಗೇ ಬದುಕುವುದನ್ನು ಕಲಿಯಬೇಕು ಎಂದರಂತೆ. ಮಾತ್ರೆಯನ್ನೂ ಕೊಟ್ಟರಂತೆ. ಸ್ವರ ತಪ್ಪಿ ಎಲ್ಲರ ಹಾಡು ಕೆಡಿಸುವುದಕ್ಕಿಂತ ತಾವೇ ಹೊರಗಿರುವುದು ಲೇಸೆಂದು ಶರತ್ಕಾಲದಲ್ಲಿ ರೋಸ್ವಿತಾ ಹಾಡಿನ ಹಾಳೆಗಳನ್ನು ತಂಡಕ್ಕೆ ಹಿಂತಿರುಗಿಸಿದರು. ಫೀಬಿಗ್ ಮನಸಾರೆ ಸಮಾಧಾನ ಹೇಳಿದ. ತನ್ನೊಂದಿಗೆ ಕೆಲಸ ಮಾಡಿದವನೊಬ್ಬನಿಗೂ ಇದೇ ಆಗಿತ್ತು, ಕಾಲ ಕಳೆದಂತೆ ಒಗ್ಗಿಹೋಯಿತು ಎಂದ.

ನವೆಂಬರಿನಲ್ಲಿ ನಾನು ಏಣಿ ಕೇಳಲು ಹೋದಾಗ ಯಂತ್ರ ನಡೆಯುತ್ತಿತ್ತು. ಅಡುಗೆಮನೆಯ ಬಾಗಿಲು ತೆರೆದವನು ಕಿವಿ ಮುಚ್ಚಿಕೊಂಡೆ.

"ಇದೇನ್ರೀ ಇಷ್ಟು ಕೀರ್ತಾ ಇದೆ?"

"ಏನು ಕೀರ್ತಾ ಇದೆ?" ಎಂದ ಅವನು.

ಅಗ್ಗದ ಯಂತ್ರದ ಸ್ವರ ಕಿವಿಗೆ ಕೇಳುವ ಮಟ್ಟಕ್ಕೂ ಇಳಿದು ಕೀರುತ್ತಿತ್ತು; ಆದರೆ ಟ್ರಾಮಿನ ಬ್ರೇಕುಗಳು ಎಂದೋ ಅವನ ಕಿವಿಯಿಂದ ಎತ್ತರದ ಸ್ವರಗಳನ್ನು ತಿಂದುಹಾಕಿದ್ದವು. ಯಂತ್ರ ಆರಿಸಿದೆ, ಮತ್ತೆ ಹಚ್ಚಿದೆ, ರೋಸ್ವಿತಾ ಅವರಿಗೆ ಕೇಳುತ್ತಿದ್ದುದು ಇದೇ ಎಂದು ಗೋಡೆಗೆ ಕೈಯಿಟ್ಟು ತೋರಿಸಿದೆ. ಅವನು ಗೋಡೆಯನ್ನೇ ನೋಡುತ್ತ ಸ್ಟೂಲಿನ ಮೇಲೆ ಕೂತ. ಇವತ್ತೇ ಹೋಗಿ ಹೇಳಿಬಿಡಿ ಎಂದೆ. ತಾನೇ ಹೇಳುವುದಾಗಿ ಒಪ್ಪಿಕೊಂಡ.

ಹೇಳಲಿಲ್ಲ. ಯಂತ್ರವನ್ನು ಮಾತ್ರ ಕಪಾಟಿಗೆ ಸೇರಿಸಿದ.

ಕೀರಲು ನಿಂತಿತು. ರೋಸ್ವಿತಾ ಅದು ಮಾತ್ರೆಯ ಗುಣ ಎಂದುಕೊಂಡರು. ಆದರೆ ಹಾಡಲು ಹಿಂತಿರುಗುವ ಧೈರ್ಯ ಬರಲಿಲ್ಲ. ಹಾಡಿನ ನಡುವೆ ಅದು ಮತ್ತೆ ಬಂದರೆ ಏನು ಮಾಡುವುದೆಂಬ ಭಯ. ಒಂದು ಮಾತು ಹೇಳಿದ್ದರೆ ಆ ಭಯ ಹೋಗುತ್ತಿತ್ತು. ಫೀಬಿಗ್ ದಿನವೂ ಆ ಮಾತನ್ನು ಕಟ್ಟಿಕೊಂಡು ಅವರ ಬಾಗಿಲವರೆಗೆ ಹೋಗಿ, ನೀರಿನ ಬಾಟಲಿ ಇಟ್ಟು ವಾಪಸ್ಸಾಗುತ್ತಿದ್ದ. ಕಷ್ಟದಲ್ಲಿ ಜೊತೆಗಿದ್ದಿರೆಂದು ಅವರು ಕ್ರಿಸ್ಮಸ್ ಕೇಕು ಮಾಡಿ ಕೊಟ್ಟರು. ಎದುರಿಗೇ ಕೂರಿಸಿದ್ದರಿಂದ ತಿಂದ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಇಗರ್ಜಿಗೆ ಒಬ್ಬಳೇ ಹೋಗಲಾರೆ, ಜೊತೆಗೆ ಬನ್ನಿ ಎಂದು ಅವರು ಕರೆದರು. ಅವನು ಹೋದ. ಮೇಲೆ ಗಾಯಕರ ಅಟ್ಟದಲ್ಲಿ ತಂಡ ಹಾಡುತ್ತಿತ್ತು, ಕೆಳಗೆ ಬೆಂಚಿನಲ್ಲಿ ಪಕ್ಕದಲ್ಲಿ ಕೂತ ರೋಸ್ವಿತಾ ತುಟಿ ಮಾತ್ರ ಆಡಿಸುತ್ತ ತಮ್ಮ ಸ್ವರಗಳನ್ನು ಹಾಡಿಕೊಳ್ಳುತ್ತಿದ್ದರು. ಅವನು ತಲೆ ಎತ್ತಲಿಲ್ಲ.

ಹಬ್ಬದ ಎರಡನೆಯ ದಿನ ತೊಟ್ಟಿಯನ್ನು ಎದೆಗವಚಿಕೊಂಡು ಹೋಗಿ ಅವರ ಕರೆಗಂಟೆ ಒತ್ತಿದ. ಅವರ ಅಡುಗೆಮನೆಯ ಮೇಜಿನ ಮೇಲಿಟ್ಟು, ನೀರು ಸುರಿದು ಹಚ್ಚಿದ. ರೋಸ್ವಿತಾ ಕಿವಿಗೆ ಕೈ ಹಚ್ಚಿದರು.

"ಇದೇ," ಎಂದರು. "ಇದೇ ಅದು."

ತನಗೆ ಕೇಳಿಸುತ್ತಿರಲಿಲ್ಲ, ನವೆಂಬರಿನಲ್ಲಷ್ಟೇ ಗೊತ್ತಾಯಿತು ಎಂದು ಅವನು ಹೇಳಿದ. ಅವರು ಕೈ ಚಾಚಿ ಯಂತ್ರ ಆರಿಸಿದರು. ಬಾಯಿ ತೆರೆದಾಗ, ಮೊಟ್ಟಮೊದಲ ಸಲ ಏಕವಚನ ಬಂತು.

"ಗೊತ್ತಿಲ್ದೆ ಮಾಡಿದ್ದು ಬಿಡು. ಗೊತ್ತಾದ್ಮೇಲೆ ನನ್ನೆದುರಿಗೇ ಕೂತು ಕೇಕು ತಿಂದ್ಯಲ್ಲ, ಹೆಂಗೆ ಇಳೀತು ನಿಂಗೆ? ನಾನು ಹಾಡ್ದೆ ಕೂತಿದ್ದಾಗ ನೀನು ಪಕ್ಕದಲ್ಲೇ ಕೂತಿದ್ದೆ."

"ಹೆದರಿದ್ದೆ," ಎಂದ.

"ನಾನೂ ಹೆದರಿದ್ದೆ. ಎದ್ದು ಹೋಗು."

ಹೊಸ ವರ್ಷದಲ್ಲಿ ತಂಡ ಅವರನ್ನು ಮತ್ತೆ ಸೇರಿಸಿಕೊಂಡಿತು. ಹಳೆಯ ಜಾಗಕ್ಕೆ ಬೇರೆಯವರು ಬಂದಿದ್ದರು, ಹಿಂದಿನ ಸಾಲಿನ ತುದಿ ಸಿಕ್ಕಿತು. ಫೀಬಿಗ್ ಯಂತ್ರವನ್ನು ನೆಲಮಾಳಿಗೆಗೆ ಇಳಿಸಿದ. ಅಲ್ಲಿ ಹಚ್ಚುವ ಮೊದಲೂ ಅವರ ಬಾಗಿಲು ತಟ್ಟಿ ಹೊತ್ತು ಹೇಳಿ ಒಪ್ಪಿಗೆ ಕೇಳುತ್ತಿದ್ದ. ಅವರು ಒಳಗಿನಿಂದಲೇ ಆಗಲಿ ಎನ್ನುತ್ತಿದ್ದರು. ಬಾಗಿಲು ತೆರೆಯುತ್ತಿರಲಿಲ್ಲ.

ಈಸ್ಟರ್ ಮುಂಚಿನ ಶುಕ್ರವಾರದ ಗಾಯನಕ್ಕೆ ಅವನೂ ಹೋಗಿದ್ದ. ಕೊನೆಯ ಬೆಂಚಿನಲ್ಲಿ ಕೂತು, ಮುಗಿದ ಕೂಡಲೇ ಎಲ್ಲರಿಗಿಂತ ಮೊದಲು ಹೊರಟುಬಂದನಂತೆ. ಅವರು ಹೇಗೆ ಹಾಡಿದರೆಂದು ನಾನು ಮೆಟ್ಟಿಲಲ್ಲಿ ಕೇಳಿದೆ.

"ಚೆನ್ನಾಗೇ ಹಾಡಿದ್ರು," ಎಂದ. ಎರಡು ಮೆಟ್ಟಿಲು ಹತ್ತಿ ನಿಂತ. "ಅವರ ಕ್ರಿಸ್ಮಸ್ ಹಾಡು ಹೋಯ್ತಲ್ಲ. ಅದನ್ನ ಎಲ್ಲಿಂದ ತರ್ಲಿ?"

ಅವನು ಬೀಗದ ಕೈ ಹುಡುಕಿ, ಬಾಗಿಲು ತೆರೆದು ಒಳಗೆ ಹೋದ.