ಬಾಟಲಿ ಸೇರಿದ ಕೈಗುಣ

೨೦೨೨ರಲ್ಲಿ ನಾನು ದೊಡ್ಡಬಳ್ಳಾಪುರದ ಹೊರವಲಯದ ಒಂದು ಖಾಸಗಿ ಔಷಧ ಸಂಶೋಧನಾಲಯದಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿರ್ದೇಶಕ ರವೀಂದ್ರ ನನ್ನ ಎಂ.ಎಸ್ಸಿ. ಸಹಪಾಠಿ. ನಾಟಿ ಔಷಧಿಗಳಲ್ಲಿ ಫ್ಲೂ ವೈರಸ್ಸನ್ನು ತಡೆಯುವ ಅಂಶವಿದೆಯೇ ಎಂದು ಹುಡುಕುವುದು ನಮ್ಮ ಯೋಜನೆಯಾಗಿತ್ತು.

ಇದರ ಮೊದಲ ಮೆಟ್ಟಿಲು ಡಾಕಿಂಗ್. ಫ್ಲೂ ವೈರಸ್ಸಿನ ಮೈಮೇಲೆ ನ್ಯೂರಾಮಿನಿಡೇಸ್ ಎಂಬ ಪ್ರೋಟೀನ್ ಇದೆ. ಅದಿಲ್ಲದೆ ವೈರಸ್ ಹರಡಲಾರದು. ಆ ಪ್ರೋಟೀನಿನಲ್ಲೊಂದು ಗುಳಿ. ಗಿಡದ ಯಾವ ಅಣು ಅಲ್ಲಿ ಗಟ್ಟಿಯಾಗಿ ಕೂರಬಹುದೆಂದು ಕಂಪ್ಯೂಟರ್ ಲೆಕ್ಕ ಹಾಕಿ ಸ್ಕೋರ್ ಕೊಡುತ್ತದೆ. ಅದು ಬರೀ ಅಂದಾಜು. ಆಮೇಲೆ ಜೀವಂತ ಕೋಶಗಳ ಮೇಲೆ ಪರೀಕ್ಷೆ ಆಗಲೇಬೇಕು. "ಡಾಕಿಂಗ್ ಅಂದ್ರೆ ಜಾತಕ ಕಣೇ ಶಾಹೀನಾ, ಮದ್ವೆ ಅಲ್ಲ" ಎಂದು ರವೀಂದ್ರನೇ ತಮಾಷೆ ಮಾಡುತ್ತಿದ್ದ.

ತೂಬಗೆರೆ ಕಡೆಯ ಒಂದು ಹಳ್ಳಿಯಲ್ಲಿ ಮುನಿರತ್ನಮ್ಮ ಜ್ವರ, ಶೀತಕ್ಕೆ ಕಷಾಯ ಕೊಡುತ್ತಾರೆಂದು ತಿಳಿದು ಇಬ್ಬರೂ ಹೋದೆವು. ನನಗೆ ಆಗ ವಿಪರೀತ ಕೆಮ್ಮು. ಆಕೆ ಮಾತಿಗೆ ಮೊದಲೇ ಒರಳಿಗೆ ಸೊಪ್ಪು ಹಾಕಿ ಅರೆದು, ಕಷಾಯ ಕಾಯಿಸಿ ಕೈಗಿಟ್ಟರು. ರವೀಂದ್ರ ಹಣ್ಣಿನ ಚೀಲ ಮುಂದಿಟ್ಟಾಗ ಹಿಂದಕ್ಕೆ ತಳ್ಳಿದರು. ಅವರ ಮನೆಯಲ್ಲಿ ಔಷಧಿಗೆ ಬದಲಾಗಿ ಎಲೆ ಅಡಿಕೆಯನ್ನೂ ಮುಟ್ಟುವುದಿಲ್ಲ.

"ಗಿಡ ಯಾವ್ದು ಅಂತ ಹೇಳ್ತೀನಿ, ಆದ್ರೆ ಹೆಸರು ಹೊರಗೆ ಬಿಡ್ಬಾರ್ದು, ಮಾರ್ಬಾರ್ದು. ಮಾರಿದ್ರೆ ನನ್ನ ಕೈಗುಣ ಹೊಂಟೋಯ್ತದೆ" ಎಂದರು.

ಇಬ್ಬರ ಪರವಾಗಿಯೂ ನಾನು ಮಾತು ಕೊಟ್ಟೆ. ರವೀಂದ್ರ ಆಕೆಯ ಕಾಲು ಮುಟ್ಟಿ ಆಣೆಯಿಟ್ಟ. ಹೊರಡುವಾಗ ನೆನಪಿಗೆಂದು ಫೋಟೋ ತೆಗೆದುಕೊಂಡ.

ಆ ಗಿಡದ ಒಂದು ಅಣುವಿಗೆ ಒಳ್ಳೆಯ ಸ್ಕೋರ್ ಬಂತು. ನಾವಿಬ್ಬರೂ ಮಕ್ಕಳಂತೆ ಕುಣಿದಾಡಿದೆವು. ಆದರೆ ಕೋಶಗಳ ಪರೀಕ್ಷೆಯಲ್ಲಿ ಅದು ವೈರಸ್ಸನ್ನು ಒಂದಿಷ್ಟೂ ತಡೆಯಲಿಲ್ಲ. ನಮ್ಮ ಕೆಲಸದಲ್ಲಿ ಇದು ಮಾಮೂಲು. ಮುಂದಿನ ಗಿಡ ನೋಡೋಣವೆಂದು ರವೀಂದ್ರನೇ ಸಮಾಧಾನ ಹೇಳಿದ.

ಮರುವರ್ಷ ದೇವನಹಳ್ಳಿಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಸಿರಪ್ ಬಾಟಲಿಯೊಂದು ಕಣ್ಣಿಗೆ ಬಿತ್ತು. ಮೇಲೆ ಮುನಿರತ್ನಮ್ಮನ ನಗುಮುಖ, ಪಕ್ಕದಲ್ಲಿ ನಾನೇ ಮಾಡಿದ ಡಾಕಿಂಗ್ ಚಿತ್ರ, ಕೆಳಗೆ ಗಿಡದ ಹೆಸರು, ಜೊತೆಗೆ 'ಕಂಪ್ಯೂಟರ್ ದೃಢಪಡಿಸಿದ ಫ್ಲೂ ಔಷಧ' ಎಂಬ ಸಾಲು. ಅದನ್ನು ಕೊಂಡೆ. ನೇರವಾಗಿ ರವೀಂದ್ರನ ಕೋಣೆಗೆ ನುಗ್ಗಿದೆ.

"ಜಾತಕ ಅಂತಿದ್ದೆಯಲ್ಲೋ?"

"ಜನಕ್ಕೆ ಅಷ್ಟೇ ಸಾಕು ಕಣೇ. ಸ್ಕೋರ್ ನೀನೇ ಕೊಟ್ಟಿದ್ದಲ್ವಾ, ಅದೇನು ಸುಳ್ಳಾ?"

"ಕೋಶದ ಪರೀಕ್ಷೆ?"

"ಅದನ್ನ ಯಾರು ಕೇಳ್ತಾರೆ ಬಿಡು" ಎಂದು ನಕ್ಕ. ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವನು! ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಂದೇ ರಾಜೀನಾಮೆ ಕೊಟ್ಟೆ, ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದೆ. ಬಾಟಲಿಗಳು ಅಂಗಡಿಗಳಿಂದ ಹೋಗಲು ತಿಂಗಳುಗಳೇ ಹಿಡಿದವು.

ಆಮೇಲೆ ಮುನಿರತ್ನಮ್ಮನ ಬಳಿ ಹೋದೆ. ಜನ ಕಾದು ಕೂರುತ್ತಿದ್ದ ಜಗಲಿ ಖಾಲಿಯಾಗಿತ್ತು. ಅಜ್ಜಿ ಔಷಧಿ ಮಾರಿಕೊಂಡಳು, ಇನ್ನೆಲ್ಲಿಯ ಕೈಗುಣ ಎಂದು ಊರವರು ಬರುವುದನ್ನೇ ಬಿಟ್ಟಿದ್ದರು. ಮಾರಿದವನು ರವೀಂದ್ರ, ನಾನಲ್ಲ ಎಂದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನೂ ಮಾರಿಲ್ಲ ಕಣವ್ವ. ಯಾರು ನಂಬ್ತಾರೆ? ಬಾಟ್ಲಿ ಮ್ಯಾಲೆ ನನ್ ಮೊಕ ಐತಲ್ಲ" ಎಂದರು.

ಅಷ್ಟರಲ್ಲಿ ನನಗೆ ಕೆಮ್ಮು ಬಂತು. ಆಕೆ ತಟ್ಟನೆ ಎದ್ದು ಒರಳಿನ ಕಡೆ ಎರಡು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಮತ್ತೆ ಬಂದು ಕೂತು, "ಪ್ಯಾಟೆ ಕಡೆ ಹೋಗ್ತೀಯಲ್ಲ, ಡಾಕ್ಟ್ರಿಗೆ ತೋರ್ಸ್ಕೊ" ಎಂದರು. ಊರವರಷ್ಟೇ ಅಲ್ಲ, ತನ್ನ ಕೈಯನ್ನು ಆಕೆಯೂ ನಂಬುತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಈಗ ಬೇರೆ ಕಡೆ ಅದೇ ಕೆಲಸ ಮಾಡುತ್ತಿದ್ದೇನೆ. ಕೋಶಗಳ ಪರೀಕ್ಷೆ ಮುಗಿಯದೆ ಯಾವ ಸ್ಕೋರೂ ನನ್ನ ಕೋಣೆ ದಾಟುವುದಿಲ್ಲ. ಎಷ್ಟೇ ಹಳೆಯ ಗೆಳೆಯನಿರಲಿ, ಅವನ ಪರವಾಗಿ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಆ ಗಿಡದ ಹೆಸರು ಈಗ ಊರಿಗೆಲ್ಲ ಗೊತ್ತು. ಆದರೂ ನಾನಿಲ್ಲಿ ಬರೆದಿಲ್ಲ. ಮಾತು ಕೊಟ್ಟಿದ್ದೇನಲ್ಲ.